ರೈಲು ಹಳಿ ತಪ್ಪಿತು ಎಂಬ ವಾಕ್ಯ

ರೈಲು ಅಪಘಾತವಾದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಬರುವ ತಲೆಬರಹ ಹೆಚ್ಚುಕಡಿಮೆ ಒಂದೇ: ರೈಲು ಹಳಿ ತಪ್ಪಿತು, ಇಷ್ಟು ಮಂದಿ ಸತ್ತರು. ಈ ವಾಕ್ಯವನ್ನು ನಾವು ಎಷ್ಟು ಸಲ ಓದಿದ್ದೇವೆಂದರೆ, ಅದರೊಳಗೆ ಒಂದು ತೀರ್ಪು ಅಡಗಿದೆ ಎಂಬುದು ನಮಗೆ ಹೊಳೆಯುವುದೇ ಇಲ್ಲ. ಕನ್ನಡದಲ್ಲಿ ತಪ್ಪು ಎಂಬುದು ಕ್ರಿಯೆಯೂ ಹೌದು, ಅಪರಾಧವೂ ಹೌದು. ದಾರಿ ತಪ್ಪಿದವನು ತಪ್ಪಿತಸ್ಥನೂ ಆಗಿಬಿಡುತ್ತಾನೆ. ರೈಲು ಹಳಿ ತಪ್ಪಿತು ಎಂದಾಗ ಹಳಿ ತನ್ನ ಜಾಗದಲ್ಲಿ ನೆಟ್ಟಗೆ ಇತ್ತು, ರೈಲೇ ಅದನ್ನು ಬಿಟ್ಟು ಹೋಯಿತು ಎಂದು ಹೇಳಿದಂತಾಗುತ್ತದೆ. ಆಮೇಲೆ ಯಾರದಾದರೂ ಒಂದು ಹೆಸರನ್ನು ಹುಡುಕುವುದಷ್ಟೇ ಬಾಕಿ.

ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಎಂಬಲ್ಲಿ 2000ದ ಅಕ್ಟೋಬರ್ 17ರ ಮಧ್ಯಾಹ್ನ ನಡೆದದ್ದಕ್ಕೆ ಈ ವಾಕ್ಯ ಹೊಂದುವುದಿಲ್ಲ. ಲಂಡನ್ನಿನಿಂದ 12.10ಕ್ಕೆ ಲೀಡ್ಸ್ ನಗರಕ್ಕೆ ಹೊರಟ ರೈಲು ಗಂಟೆಗೆ ಸುಮಾರು 185 ಕಿ.ಮೀ. ವೇಗದಲ್ಲಿ ಒಂದು ತಿರುವನ್ನು ದಾಟುತ್ತಿತ್ತು. ಅದು ಅಲ್ಲಿ ಅನುಮತಿ ಇದ್ದ ವೇಗವೇ. ಓಡಿಸುತ್ತಿದ್ದವರ ತಪ್ಪೇನೂ ಇರಲಿಲ್ಲ. ಅವರ ಗಾಲಿಗಳ ಕೆಳಗೆ ಹಳಿಯೇ ಒಡೆದು 300ಕ್ಕೂ ಹೆಚ್ಚು ಚೂರುಗಳಾಯಿತು. 4 ಮಂದಿ ಸತ್ತರು, 70ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಲ್ಲಿ ರೈಲು ಹಳಿ ತಪ್ಪುವ ಮುನ್ನ ಹಳಿಯೇ ರೈಲಿಗೆ ತಪ್ಪಿತ್ತು.

ಈ ಅಪಘಾತದ ಬಗ್ಗೆಯೂ ಅದರ ಹಿಂದುಮುಂದೆ ನಡೆದ ಅಪಘಾತಗಳ ಬಗ್ಗೆಯೂ ಇಂಗ್ಲಿಷಿನಲ್ಲಿ ಗಮನಿಸಬೇಕಾದ ಮೂರು ಕೃತಿಗಳು ಬಂದವು. ಪತ್ರಕರ್ತ ಇಯಾನ್ ಜಾಕ್ 2001ರಲ್ಲಿ ಪ್ರಕಟಿಸಿದ 'ದಿ ಕ್ರ್ಯಾಶ್ ದಟ್ ಸ್ಟಾಪ್ಡ್ ಬ್ರಿಟನ್' ಎಂಬ ಕಿರುಪುಸ್ತಕ, ಡೇವಿಡ್ ಹೇರ್ ಅವರ 2003ರ ನಾಟಕ 'ದಿ ಪರ್ಮನೆಂಟ್ ವೇ', ಕಾದಂಬರಿಕಾರ್ತಿ ನೀನಾ ಬಾಡೆನ್ ಅವರ 2005ರ ಪುಸ್ತಕ 'ಡಿಯರ್ ಆಸ್ಟಿನ್'. ಇವುಗಳ ಜೊತೆಗೆ, ಯಾರೂ ಸಾಹಿತ್ಯವೆಂದು ಕರೆಯದ ತನಿಖಾ ವರದಿಯನ್ನೂ ಇಟ್ಟುಕೊಂಡು ನೋಡುವುದು ಈ ಬರಹದ ಉದ್ದೇಶ. ನನ್ನ ಪ್ರಶ್ನೆ ಇಷ್ಟೇ: ಗಾಲಿ ಹಳಿಯನ್ನು ಮುಟ್ಟುವ ಜಾಗದಲ್ಲಿ ಏನು ನಡೆಯಿತು, ಆ ಜಾಗಕ್ಕೆ ಯಾರು ಜವಾಬ್ದಾರರು ಎಂಬುದನ್ನು ಇವುಗಳಲ್ಲಿ ಯಾವುದು ನಮಗೆ ಕಾಣಿಸುತ್ತದೆ?

ಆ ಜಾಗ ಎಷ್ಟು ದೊಡ್ಡದು ಎಂಬುದನ್ನು ಮೊದಲು ತಿಳಿಯಬೇಕು. ಹತ್ತು ಟನ್ ಭಾರ ಹೊತ್ತ ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವುದು ಹೆಚ್ಚುಕಡಿಮೆ ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ. ಗಾಲಿಯ ಅಂಚಿನಲ್ಲಿರುವ ಕಿವಿ ಅದನ್ನು ಹಳಿಯ ಮೇಲೆ ಹಿಡಿದಿಡುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ಆ ಕಿವಿ ಇರುವುದು ಕೊನೆಯ ಆಸರೆಗೆ. ನಿಜವಾಗಿ ದಾರಿ ತೋರಿಸುವುದು ಗಾಲಿಯ ಆಕಾರ. ಗಾಲಿ ನೇರ ಉರುಳೆಯಲ್ಲ, ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಒಂದೇ ಅಚ್ಚಿಗೆ ಬಿಗಿದ ಜೋಡಿ ಗಾಲಿಗಳು ತಿರುವಿನಲ್ಲಿ ಹೊರಕ್ಕೆ ಸರಿದಾಗ ಹೊರಗಿನ ಗಾಲಿ ತನ್ನ ದಪ್ಪ ಭಾಗದ ಮೇಲೆ, ಒಳಗಿನದು ಸಣ್ಣ ಭಾಗದ ಮೇಲೆ ಉರುಳುತ್ತದೆ. ಹೊರಗಿನದು ಹೆಚ್ಚು ದೂರ ಸಾಗುವುದರಿಂದ ಜೋಡಿ ತಾನಾಗಿಯೇ ತಿರುಗುತ್ತದೆ.

ಇದೇ ಗುಣಕ್ಕೆ ಒಂದು ದೋಷವೂ ಅಂಟಿಕೊಂಡಿದೆ. ನೇರ ದಾರಿಯಲ್ಲಿ ಈ ಜೋಡಿ ಅತ್ತಿತ್ತ ಓಲಾಡುತ್ತಾ ಹಾವಿನಂತೆ ಸಾಗುತ್ತದೆ. ಜರ್ಮನಿಯ ಕ್ಲಿಂಗೆಲ್ ಎಂಬ ಎಂಜಿನಿಯರ್ 1883ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದರು. ವೇಗ ಒಂದು ಮಿತಿಯನ್ನು ದಾಟಿದರೆ ಈ ಓಲಾಟ ನಿಲ್ಲದೆ ಬೆಳೆದು ಅಪಾಯಕ್ಕೆ ಬರುತ್ತದೆ. ಬ್ರಿಟಿಷ್ ರೈಲು ಇಲಾಖೆಯ ಡರ್ಬಿ ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡಾಗ ಅದರ ಮುಂದಾಳು ಅಲನ್ ವಿಕೆನ್ಸ್ ರೈಲಿನವರೇ ಅಲ್ಲ, ವಿಮಾನ ಉದ್ಯಮದಿಂದ ಬಂದವರು. ವಿಮಾನದ ರೆಕ್ಕೆ ಗಾಳಿಯಲ್ಲಿ ಕಂಪಿಸುವುದನ್ನು ಅಧ್ಯಯನ ಮಾಡುವ ಗಣಿತವನ್ನು ಅವರು ಗಾಲಿಗೆ ಹಚ್ಚಿದರು. ಗಾಡಿಯನ್ನೂ ಹಳಿಯನ್ನೂ ಒಂದೇ ಯಂತ್ರವೆಂದು ನೋಡುವುದು ಆ ಕೇಂದ್ರದ ದೊಡ್ಡ ಪಾಠ.

ಯಾಕೆ ಒಂದೇ ಯಂತ್ರ? ಓಲಾಟ ತಡೆಯಬೇಕಾದರೆ ಗಾಲಿಯ ಜೋಡಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿಯಾಗಿ ಹಿಡಿಯಬೇಕು. ಹಾಗೆ ಬಿಗಿದ ಜೋಡಿ ತಿರುವಿನಲ್ಲಿ ಸರಾಗವಾಗಿ ತಿರುಗುವುದಿಲ್ಲ, ಹಳಿಯ ಒಳಮೂಲೆಯನ್ನು ಉಜ್ಜಿ ಎಳೆಯುತ್ತದೆ. ಸಾವಿರಾರು ಗಾಲಿಗಳು ಹೀಗೆ ಉಜ್ಜಿದಾಗ ಆ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ. ಹಿಂದೆ ಹಳಿ ಬೇಗ ಸವೆಯುತ್ತಿದ್ದುದರಿಂದ ಬಿರುಕು ಬೆಳೆಯುವ ಮೊದಲೇ ಅದಿದ್ದ ಪದರವೇ ಸವೆದುಹೋಗುತ್ತಿತ್ತು. ಸವೆತ ತಪ್ಪಿಸಲು ಉಕ್ಕನ್ನು ಗಟ್ಟಿ ಮಾಡಿದರೆ, ಎಣ್ಣೆ ಹಚ್ಚಿದರೆ, ಸವೆತವೇನೋ ಕಡಿಮೆಯಾಗುತ್ತದೆ, ಬಿರುಕು ಉಳಿದುಕೊಳ್ಳುತ್ತದೆ. ಮಳೆಯ ನೀರು ಅದರೊಳಗೆ ಇಳಿದು, ಗಾಲಿ ಹಾದಾಗಲೆಲ್ಲ ಒತ್ತಡದಿಂದ ಅದನ್ನು ಇನ್ನಷ್ಟು ಆಳಕ್ಕೆ ಸೀಳುತ್ತದೆ. ಶಬ್ದತರಂಗ ಬಿಟ್ಟು ಪರೀಕ್ಷೆ ಮಾಡಿದರೂ ಮೇಲಿನ ಸಣ್ಣ ಬಿರುಕುಗಳ ಗುಂಪು ಕೆಳಗಿನ ದೊಡ್ಡ ಬಿರುಕನ್ನು ಮರೆಮಾಡಬಲ್ಲದು. ಗಾಡಿಗೆ ಒಳಿತಾದದ್ದು ಹಳಿಗೆ ಕೆಡುಕಾಗಬಹುದು, ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ಸಾಕಬಹುದು. ಇದನ್ನು ತೂಗಿ ನೋಡಲು ಎರಡನ್ನೂ ಒಟ್ಟಿಗೆ ಬಲ್ಲವರು ಬೇಕು.

ಬ್ರಿಟನ್ನಿನ 1993ರ ರೈಲ್ವೆ ಕಾಯ್ದೆ ಕತ್ತರಿ ಹಾಕಿದ್ದು ಸರಿಯಾಗಿ ಇಲ್ಲಿಗೇ. ಹಳಿಯೆಲ್ಲ ರೈಲ್‌ಟ್ರ್ಯಾಕ್ ಎಂಬ ಕಂಪನಿಗೆ ಹೋಯಿತು. ಗಾಡಿಗಳು ಮೂರು ಕಂಪನಿಗಳ ಆಸ್ತಿಯಾದವು. ಅವನ್ನು ಬಾಡಿಗೆಗೆ ಪಡೆದು ಓಡಿಸಲು 25 ಕಂಪನಿಗಳು ಹುಟ್ಟಿದವು. ಹಳಿಯ ದುರಸ್ತಿಗೆ ಬೇರೆ ಗುತ್ತಿಗೆದಾರರು, ಹೊಸ ಹಳಿ ಹಾಕಲು ಮತ್ತೆ ಬೇರೆಯವರು. ಡರ್ಬಿಯ ಸಂಶೋಧನಾ ಕೇಂದ್ರವನ್ನು 1996ರಲ್ಲಿ ಎಇಎ ಟೆಕ್ನಾಲಜಿ ಎಂಬ ಸಂಸ್ಥೆಗೆ ಮಾರಲಾಯಿತು. ಗಾಲಿ ಒಬ್ಬರದು, ಹಳಿ ಇನ್ನೊಬ್ಬರದು. ಅವೆರಡೂ ಮುಟ್ಟುವ ಉಗುರಗಲದ ಜಾಗ ಯಾರದೂ ಅಲ್ಲ. ಹ್ಯಾಟ್‌ಫೀಲ್ಡಿನ ಬಿರುಕು ಅಪಘಾತಕ್ಕೆ ತಿಂಗಳುಗಳ ಮೊದಲೇ ಗೊತ್ತಿತ್ತು. ಬದಲಿ ಹಳಿಯೂ ಒದಗಿತ್ತು, ಅದನ್ನು ಅಲ್ಲಿ ಕೂರಿಸಲಿಲ್ಲ. ಅಪಘಾತದ ನಂತರ ಇಂಥ ಬಿರುಕು ಇನ್ನೆಲ್ಲೆಲ್ಲಿ ಇದೆಯೆಂದು ತಿಳಿಯದೆ ರೈಲ್‌ಟ್ರ್ಯಾಕ್ ದೇಶದ 1,200ಕ್ಕೂ ಹೆಚ್ಚು ಕಡೆ ವೇಗಕ್ಕೆ ಕಡಿವಾಣ ಹಾಕಿತು. ಇಡೀ ದೇಶದ ರೈಲು ವ್ಯವಸ್ಥೆ ತಿಂಗಳುಗಟ್ಟಲೆ ಕುಂಟಿತು. ಒಂದು ವರ್ಷದೊಳಗೆ ಆ ಕಂಪನಿಯೇ ದಿವಾಳಿಯ ಬಾಗಿಲಿಗೆ ಬಂತು.

ಇಷ್ಟು ಹಿನ್ನೆಲೆ ಇಟ್ಟುಕೊಂಡು ಕೃತಿಗಳನ್ನು ನೋಡೋಣ. ಮೂವರಲ್ಲಿ ಇಯಾನ್ ಜಾಕ್ ಈ ಜಾಗಕ್ಕೆ ಅತಿ ಹತ್ತಿರ ಹೋದವರು. ಫಿಟ್ಟರ್ ಒಬ್ಬರ ಮಗನಾದ ಅವರಿಗೆ ಕಬ್ಬಿಣದ ಬಗ್ಗೆ ಅಸಡ್ಡೆ ಇರಲಿಲ್ಲ. ಭಾರತದಲ್ಲಿ ವರದಿಗಾರರಾಗಿ ದುಡಿದು ನಮ್ಮ ರೈಲುಗಳಲ್ಲಿ ತಿರುಗಿ, ಆ ಬರಹಗಳನ್ನು 2013ರಲ್ಲಿ 'ಮೊಫಸಿಲ್ ಜಂಕ್ಷನ್' ಎಂಬ ಪುಸ್ತಕದಲ್ಲಿ ಸೇರಿಸಿದ ಲೇಖಕ ಅವರು. ಹ್ಯಾಟ್‌ಫೀಲ್ಡಿನ ಬಗ್ಗೆ ಬರೆಯುವಾಗ ಅವರು ಕಣ್ಣೀರಿನಿಂದಲೂ ಹೊರಡುವುದಿಲ್ಲ, ಘೋಷಣೆಯಿಂದಲೂ ಹೊರಡುವುದಿಲ್ಲ. ಒಂದು ತುಂಡು ಉಕ್ಕು ಯಾಕೆ ಒಡೆಯಿತು ಎಂದು ಕೇಳುತ್ತಾರೆ. ಆ ಪ್ರಶ್ನೆಯ ಬೆನ್ನು ಹತ್ತಿ ಹಳಿಯ ಚರಿತ್ರೆಗೆ, ಅಲ್ಲಿಂದ ಖಾಸಗೀಕರಣದ ರಾಜಕೀಯಕ್ಕೆ ಬರುತ್ತಾರೆ. ರಾಜಕೀಯ ನಿರ್ಧಾರವೊಂದು ಲೋಹದೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ಓದುಗ ತಾನೇ ಕಂಡುಕೊಳ್ಳುವಂತೆ ಬರೆದದ್ದು ಅವರ ಸಾಧನೆ. ಆದರೆ ಅದು ಅಪಘಾತದ ಮರುವರ್ಷವೇ ಬಂದ ಪುಸ್ತಕ. ಪೂರ್ತಿ ತನಿಖೆಯಾಗಲಿ ನ್ಯಾಯಾಲಯದ ತೀರ್ಪಾಗಲಿ ಆಗ ಬಂದಿರಲಿಲ್ಲ. ಹೇಗೆ ಆಯಿತು ಎಂಬುದು ಅಲ್ಲಿದೆ, ಯಾರು ಉತ್ತರ ಕೊಟ್ಟರು ಎಂಬುದು ಇರಲು ಸಾಧ್ಯವಿರಲಿಲ್ಲ.

ಡೇವಿಡ್ ಹೇರ್ ಅವರ ನಾಟಕದ ಹೆಸರೇ ಎಂಜಿನಿಯರಿಂಗ್ ಪದ. ಕಾಮಗಾರಿಗಾಗಿ ಹಾಕುತ್ತಿದ್ದ ತಾತ್ಕಾಲಿಕ ಹಳಿಯಿಂದ ಬೇರ್ಪಡಿಸಿ ಹೇಳಲು, ಕೊನೆಗೆ ಉಳಿಯುವ ಹಳಿಯನ್ನು ಅವರ ಭಾಷೆಯಲ್ಲಿ ಕಾಯಂ ದಾರಿ ಎಂದು ಕರೆದರು. ನಮ್ಮ ರೈಲು ನಿಲ್ದಾಣಗಳಲ್ಲೂ ಪಿ.ಡಬ್ಲ್ಯು.ಐ. ಎಂಬ ಹುದ್ದೆಯ ಹೆಸರು ಬಹುಕಾಲ ಚಾಲ್ತಿಯಲ್ಲಿತ್ತು. ಅದರ ಮೊದಲೆರಡು ಅಕ್ಷರ ಇದೇ. ನಾಟಕ 1997ರ ಸೌತಾಲ್, 1999ರ ಲ್ಯಾಡ್‌ಬ್ರೋಕ್ ಗ್ರೋವ್, 2000ದ ಹ್ಯಾಟ್‌ಫೀಲ್ಡ್, 2002ರ ಪಾಟರ್ಸ್ ಬಾರ್ ಎಂಬ ನಾಲ್ಕು ಅಪಘಾತಗಳನ್ನು ತೆಗೆದುಕೊಳ್ಳುತ್ತದೆ. ಸಂಬಂಧಪಟ್ಟವರನ್ನು ಕಂಡು ಮಾತಾಡಿಸಿ, ಅವರ ಮಾತುಗಳಿಂದಲೇ ಕಟ್ಟಿದ ನಾಟಕ ಇದು. ಹೆಚ್ಚಿನ ಪಾತ್ರಗಳಿಗೆ ಹೆಸರಿಲ್ಲ. ತಾಯಿ, ಅಧಿಕಾರಿ, ಎಂಜಿನಿಯರ್ ಎಂದಷ್ಟೇ ಗುರುತು. ಬದುಕುಳಿದವರ ನೋವೂ ಕಳೆದುಕೊಂಡವರ ನೋವೂ ಒಂದೇ ಅಲ್ಲ, ಅವರ ಬೇಡಿಕೆಗಳೂ ಒಂದೇ ಅಲ್ಲ ಎಂಬ ಕಹಿಸತ್ಯವನ್ನು ಅದು ಮುಚ್ಚಿಡುವುದಿಲ್ಲ. ಸಂತ್ರಸ್ತರನ್ನೆಲ್ಲ ಒಂದೇ ಗುಂಪೆಂದು ನೋಡುವ ಅಭ್ಯಾಸವಿರುವ ನಮಗೆ ಇದು ಮುಖ್ಯ ಪಾಠ.

ಆದರೆ ಈ ನಾಟಕದ ಬಗ್ಗೆ ನನಗೊಂದು ಆಕ್ಷೇಪವಿದೆ. ಸಾಕ್ಷಿಗಳ ಮಾತಿನಿಂದಷ್ಟೇ ಕಟ್ಟಿದ ನಾಟಕ, ಯಾರೂ ಕಣ್ಣಾರೆ ಕಾಣದ ಸಂಗತಿಯನ್ನು ಹೇಳುವುದು ಕಷ್ಟ. ಬಿರುಕು ಬೆಳೆಯುವುದನ್ನು ಕಂಡ ಪ್ರಯಾಣಿಕನಿಲ್ಲ. ಹಾಗಾಗಿ ಸಿಟ್ಟು ರಂಗದ ಮೇಲೆ ಬರುತ್ತದೆ, ದುಃಖ ಬರುತ್ತದೆ, ಅಧಿಕಾರದ ಉಡಾಫೆ ಬರುತ್ತದೆ. ಹೆಸರಿನಲ್ಲಿರುವ ಹಳಿ ಮಾತ್ರ ಮೂಕವಾಗಿ ಉಳಿಯುತ್ತದೆ. ಉರ್ದು ಓದಿದವರಿಗೆ ಕ್ರಿಷನ್ ಚಂದರ್ ಅವರ 'ಪೇಶಾವರ್ ಎಕ್ಸ್‌ಪ್ರೆಸ್' ಕಥೆ ನೆನಪಾಗಬಹುದು. ದೇಶವಿಭಜನೆಯ ಆ ಕಥೆಯನ್ನು ಹೇಳುವುದು ರೈಲೇ. ಮನುಷ್ಯರು ಸಾಕ್ಷಿ ಹೇಳಲು ಅರ್ಹತೆ ಕಳೆದುಕೊಂಡಾಗ ಕಥೆಗಾರ ಕಬ್ಬಿಣದ ಬಾಯಿ ತೆರೆಸಿದ. ಹೇರ್ ಕೂಡ ಹಾಗೆಯೇ ಮಾಡಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ವಸ್ತು ಸಾಕ್ಷಿಯಾಗಬಲ್ಲದು ಎಂಬ ಅರಿವು ಆ ನಾಟಕಕ್ಕೆ ಇದ್ದಿದ್ದರೆ ಅದರ ಸಿಟ್ಟು ಇನ್ನಷ್ಟು ನಿಖರವಾಗುತ್ತಿತ್ತು. ದುರಾಸೆ ಜನರನ್ನು ಕೊಂದಿತು ಎಂಬ ಮಾತಿಗೆ ನಾವೆಲ್ಲ ತಲೆದೂಗುತ್ತೇವೆ. ಯಾವ ಗಾಲಿ, ಯಾವ ಮೂಲೆ, ಯಾವ ತಿಂಗಳು, ಯಾರ ಮೇಜು ಎಂದು ಕೇಳಿದಾಗಲೇ ದುರಾಸೆಗೆ ತಲೆಮರೆಸಿಕೊಳ್ಳಲು ಜಾಗ ಸಿಗದಿರುವುದು.

ನೀನಾ ಬಾಡೆನ್ ಹೇರ್ ಅವರ ನಾಟಕದಲ್ಲೂ ಒಂದು ಪಾತ್ರ. 2002ರ ಮೇ 10ರಂದು ಪಾಟರ್ಸ್ ಬಾರಿನಲ್ಲಿ, ಹಳಿ ಕವಲೊಡೆಯುವ ಕಡೆ ನಟ್ಟುಗಳು ಕಳಚಿಹೋಗಿ ರೈಲು ಉರುಳಿತು. 7 ಮಂದಿ ಸತ್ತರು. ಅವರಲ್ಲಿ ಒಬ್ಬರು ನೀನಾ ಅವರ ಗಂಡ ಆಸ್ಟಿನ್ ಕಾರ್ಕ್. ತೀವ್ರವಾಗಿ ಗಾಯಗೊಂಡು ಉಳಿದ ನೀನಾ, ಆಗ ಎಪ್ಪತ್ತೇಳರ ಹತ್ತಿರದವರು, ತೀರಿಹೋದ ಗಂಡನಿಗೆ ಪತ್ರದ ರೂಪದಲ್ಲಿ ಒಂದು ಪುಸ್ತಕ ಬರೆದರು. ಸತ್ತವರಿಗೆ ಪತ್ರ ಬರೆಯುವುದು ಹಳೆಯ ತಂತ್ರ. ಸುಲಭವಾಗಿ ಅಳುಬುರುಕವಾಗಬಹುದಾದ ತಂತ್ರ. ಇಲ್ಲಿ ಅದು ಹಾಗಾಗದಿರಲು ಕಾರಣ, ಲೇಖಕಿಗೆ ಗಂಡನಿಗೆ ಹೇಳಬೇಕಾದ ಒಂದು ಸುದ್ದಿ ಇದೆ: ನೀನು ಹೋದ ಮೇಲೆ ಇಲ್ಲಿ ಯಾರೂ ಉತ್ತರ ಕೊಡುತ್ತಿಲ್ಲ. ದುರಸ್ತಿಯ ಗುತ್ತಿಗೆ ಹಿಡಿದಿದ್ದ ಜಾರ್ವಿಸ್ ಕಂಪನಿ ಮೊದಲಿಗೆ ಯಾರೋ ಬೇಕೆಂದೇ ಕಿಡಿಗೇಡಿತನ ಮಾಡಿರಬಹುದು ಎಂಬ ಮಾತನ್ನು ತೇಲಿಬಿಟ್ಟಿತ್ತು. ಹೊಣೆ ಒಪ್ಪಿಕೊಂಡದ್ದು 2004ರಲ್ಲಿ. ಕ್ರಿಮಿನಲ್ ಪ್ರಕರಣದಲ್ಲಿ ನೆಟ್‌ವರ್ಕ್ ರೈಲ್ ಸಂಸ್ಥೆಗೆ 30 ಲಕ್ಷ ಪೌಂಡ್ ದಂಡ ಬಿದ್ದದ್ದು 2011ರಲ್ಲಿ, ನೀನಾ ತೀರಿಕೊಳ್ಳುವ ಹಿಂದಿನ ವರ್ಷ. ಆ ವೇಳೆಗೆ ಜಾರ್ವಿಸ್ ಕಂಪನಿ ಮುಳುಗಿಹೋಗಿತ್ತು, ಅದರ ಮೇಲಿನ ಪ್ರಕರಣ ಕೈಬಿಟ್ಟಿತು. ನೀನಾ ಅವರ ಪುಸ್ತಕದಲ್ಲಿ ಲೋಹದ ವಿವರ ಕಡಿಮೆ. ಆದರೆ ಇಯಾನ್ ಜಾಕ್ ಬಿಟ್ಟ ಜಾಗದಲ್ಲಿ ಅದು ಬಂದು ನಿಲ್ಲುತ್ತದೆ. ಯಾರು ಎಂಬ ಪ್ರಶ್ನೆಯನ್ನು ಅದು ಬಿಟ್ಟುಕೊಡುವುದಿಲ್ಲ.

ಇನ್ನು ವರದಿ. ಹ್ಯಾಟ್‌ಫೀಲ್ಡಿನ ಅಂತಿಮ ವರದಿ ಪ್ರಕಟವಾದದ್ದು 2006ರ ಜುಲೈಯಲ್ಲಿ, ಹೆಚ್ಚುಕಡಿಮೆ ಆರು ವರ್ಷದ ಮೇಲೆ. ಕೃತಿಗಳು ಹೇಳಲಾಗದ್ದನ್ನು ಹೇಳುವುದು ಇಂಥ ವರದಿಗಳೇ. ಚೂರುಗಳನ್ನು ಹೆಕ್ಕಿ, ಜೋಡಿಸಿ, ಮೊದಲು ಒಡೆದದ್ದು ಯಾವುದು ಎಂದು ಕಂಡುಹಿಡಿಯುವ ತಾಳ್ಮೆಗೆ ನಾನು ತಲೆಬಾಗುತ್ತೇನೆ. ತಾಂತ್ರಿಕ ವರದಿಗಳ ಭಾಷೆಯ ಬಗ್ಗೆ ಮಾತ್ರ ಒಂದು ತಕರಾರಿದೆ. ಅದು ಬ್ರಿಟನ್ನಿಗೆ ಸೀಮಿತವಲ್ಲ. ನಮ್ಮ ಕಚೇರಿಯ ಕನ್ನಡದಲ್ಲಿ 'ಲಾಗಿದೆ' ಎಂಬ ಪ್ರತ್ಯಯ ಎಷ್ಟು ಧಾರಾಳವಾಗಿದೆ ನೋಡಿ. ಕಾಮಗಾರಿ ಕೈಗೊಳ್ಳಲಾಗಿದೆ, ಪರಿಶೀಲನೆ ನಡೆಸಲಾಗಿದೆ, ಕ್ರಮ ಜರುಗಿಸಲಾಗುವುದು. ಮನೆಯಲ್ಲಿ ಯಾರೂ ಅನ್ನ ಬಡಿಸಲಾಗಿದೆ ಎನ್ನುವುದಿಲ್ಲ. ಅಮ್ಮ ಬಡಿಸಿದಳು ಎನ್ನುತ್ತಾರೆ. ಮಾಡಿದವರನ್ನು ಮರೆಯಾಗಿಸುವ ಈ ವಾಕ್ಯ ವಿಜ್ಞಾನಕ್ಕೆ ಒಂದು ಮಟ್ಟಿಗೆ ಬೇಕು, ಯಾಕೆಂದರೆ ಬಿರುಕು ಯಾರ ಮುಖವನ್ನೂ ನೋಡಿ ಬೆಳೆಯುವುದಿಲ್ಲ. ಆದರೆ ಬಿರುಕನ್ನು ಕಂಡೂ ರೈಲು ಬಿಟ್ಟದ್ದು ವಿಜ್ಞಾನವಲ್ಲ. ಅದು ಮನುಷ್ಯರ ನಿರ್ಧಾರ. ಅದಕ್ಕೆ ಕರ್ತೃ ಬೇಕು.

ಕಾನೂನೂ ಇದೇ ವ್ಯಾಕರಣದಲ್ಲಿ ಸಿಕ್ಕಿಬಿದ್ದಿತು. ಸಾವಿಗೆ ಕಂಪನಿಯನ್ನು ಹೊಣೆ ಮಾಡಬೇಕಾದರೆ, ಅದರ ಮೆದುಳಿನಂತಿದ್ದ ಒಬ್ಬ ಹಿರಿಯ ವ್ಯಕ್ತಿಯ ಅಪರಾಧವನ್ನು ಸಾಬೀತು ಮಾಡಬೇಕಿತ್ತು. ಹೊಣೆ ಹತ್ತು ಮೇಜುಗಳಲ್ಲಿ ಹಂಚಿಹೋದ ಕಡೆ ಅಂಥ ಒಬ್ಬ ಸಿಗುವುದಿಲ್ಲ. ಹ್ಯಾಟ್‌ಫೀಲ್ಡ್ ಪ್ರಕರಣದಲ್ಲಿ ನರಹತ್ಯೆಯ ಆರೋಪಗಳು ನಿಲ್ಲಲಿಲ್ಲ, ಅಧಿಕಾರಿಗಳು ಖುಲಾಸೆಯಾದರು. ಸುರಕ್ಷತಾ ನಿಯಮ ಮುರಿದುದಕ್ಕೆ 2005ರಲ್ಲಿ ದುರಸ್ತಿಯ ಗುತ್ತಿಗೆದಾರ ಬಾಲ್ಫರ್ ಬೀಟಿ ಕಂಪನಿಗೆ 1 ಕೋಟಿ ಪೌಂಡ್ ದಂಡ ಬಿತ್ತು. ಮೇಲ್ಮನವಿಯಲ್ಲಿ ಅದು 75 ಲಕ್ಷಕ್ಕೆ ಇಳಿಯಿತು. ರೈಲ್‌ಟ್ರ್ಯಾಕಿನ ಉತ್ತರಾಧಿಕಾರಿ ನೆಟ್‌ವರ್ಕ್ ರೈಲಿಗೆ 35 ಲಕ್ಷ ಪೌಂಡ್. ಕಂಪನಿಯನ್ನೇ ನರಹತ್ಯೆಯ ಕರ್ತೃವಾಗಿ ಕಾಣಬಲ್ಲ ಕಾಯ್ದೆಯನ್ನು ಬ್ರಿಟನ್ ತಂದದ್ದು 2007ರಲ್ಲಿ. ಸಂಶೋಧನೆಯೂ ಪಾಠ ಕಲಿಯಿತು. ಯಾವ ಗಾಡಿ ಹಳಿಯನ್ನು ಎಷ್ಟು ಹಾಳು ಮಾಡುತ್ತದೆ ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕ ಶುಲ್ಕ ವಿಧಿಸುವ ಪದ್ಧತಿ ಬಂತು. ಅಂದರೆ ಬೇರೆ ಮಾಡಿದ್ದ ಗಾಲಿಯನ್ನೂ ಹಳಿಯನ್ನೂ ಲೆಕ್ಕದ ಪುಸ್ತಕದಲ್ಲಾದರೂ ಮತ್ತೆ ಒಂದು ಮಾಡಬೇಕಾಯಿತು. ಪ್ರಯಾಣಿಕರ ರೈಲುಗಳನ್ನು ಸರ್ಕಾರಕ್ಕೆ ಮರಳಿ ಪಡೆಯುವ ಕಾಯ್ದೆ 2024ರಲ್ಲಿ ಬಂತು.

ಇದು ಇಂಗ್ಲೆಂಡಿನ ಕಥೆ, ನಮಗೇನು ಎಂದು ಕೇಳುವವರು ಬೆಂಗಳೂರಿನ ಯಲಹಂಕಕ್ಕೆ ಹೋಗಬೇಕು. 1984ರಿಂದ ಅಲ್ಲಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕು ಗ್ರಾಫೈಟ್ ಅಚ್ಚಿನೊಳಗೆ ಏರಿ ಭಾರತೀಯ ರೈಲಿನ ಗಾಲಿಯಾಗುತ್ತಿದೆ. ಆ ಗಾಲಿ ಉರುಳುವ ಹಳಿ ಬಹುಪಾಲು ಭಿಲಾಯಿಯದು. ಎರಡರ ಮಾನದಂಡ ನೋಡುವ ಸಂಶೋಧನಾ ಸಂಸ್ಥೆ ಲಖನೌದಲ್ಲಿದೆ, 1957ರಿಂದ. ನಮ್ಮಲ್ಲಿ ಎಲ್ಲವೂ ಒಂದೇ ಸರ್ಕಾರದ ಕೈಯಲ್ಲಿದ್ದರೂ ಗಾಲಿ ಮೆಕ್ಯಾನಿಕಲ್ ವಿಭಾಗದ್ದು, ಹಳಿ ಸಿವಿಲ್ ವಿಭಾಗದ್ದು. ಗೋಡೆ ಎಬ್ಬಿಸಲು ಖಾಸಗಿ ಕಂಪನಿಯೇ ಬೇಕೆಂದಿಲ್ಲ. ಎರಡು ಇಲಾಖೆಗಳೂ ಸಾಕು. 2017ರ ಆಗಸ್ಟಿನಲ್ಲಿ ಉತ್ತರಪ್ರದೇಶದ ಖತೌಲಿಯಲ್ಲಿ ಹಳಿಯ ದುರಸ್ತಿ ನಡೆಯುತ್ತಿದ್ದ ಕಡೆಗೆ ಉತ್ಕಲ್ ಎಕ್ಸ್‌ಪ್ರೆಸ್ ಪೂರ್ಣ ವೇಗದಲ್ಲಿ ಬಂತು. 20ಕ್ಕೂ ಹೆಚ್ಚು ಮಂದಿ ಸತ್ತರು. ಹಳಿಯ ಮೇಲೆ ಕೆಲಸ ಮಾಡುವವರಿಗೂ ರೈಲು ಓಡಿಸುವವರಿಗೂ ನಡುವೆ ಒಂದು ಮಾತು ದಾಟಿರಲಿಲ್ಲ.

ಕಾರಣವನ್ನು ತಿಳಿಯುವ ಕುತೂಹಲ ಸಮಾಜಕ್ಕೆ ಇಲ್ಲದಿದ್ದರೆ ಆ ಖಾಲಿ ಜಾಗವನ್ನು ಬೇರೇನೋ ತುಂಬುತ್ತದೆ. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ 290ಕ್ಕೂ ಹೆಚ್ಚು ಜನ ಸತ್ತಾಗ, ಎರಡು ದಿನ ಕಳೆಯುವುದರೊಳಗೆ ಹಳಿಯ ಪಕ್ಕದ ಕಟ್ಟಡವೊಂದು ಮಸೀದಿ ಎಂಬ ಚಿತ್ರ ಮೊಬೈಲುಗಳಲ್ಲಿ ಹರಿದಾಡಿತು. ಅದು ದೇವಸ್ಥಾನವಾಗಿತ್ತು. ಅಪಘಾತಕ್ಕೆ ಕೋಮುಬಣ್ಣ ಹಚ್ಚಬೇಡಿ ಎಂದು ಒಡಿಶಾ ಪೊಲೀಸರು ಎಚ್ಚರಿಸಬೇಕಾಯಿತು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಕಂಡದ್ದು ಬೇರೆ: ಸಿಗ್ನಲ್ ವ್ಯವಸ್ಥೆಯಲ್ಲಿ ತಂತಿಗಳ ತಪ್ಪು ಜೋಡಣೆ, ತಪ್ಪು ಗುರುತು, ಅದನ್ನು ಪರೀಕ್ಷಿಸದೆ ಬಿಟ್ಟ ಹಲವು ಹಂತಗಳ ಲೋಪ. ಅದು ಹಳಿಯ ಬಿರುಕಲ್ಲ, ಆದರೆ ಪಾಠ ಅದೇ. ತಂತಿಯ ಸತ್ಯ ಬರುವ ಮೊದಲು ಸುಳ್ಳಿನ ಹೆಸರು ಊರು ಸುತ್ತಿ ಬಂದಿರುತ್ತದೆ. ಈ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ. ತನ್ನ ತಪ್ಪನ್ನು ತಾನೇ ತೂಗಬಾರದು ಎಂಬ ಒಳ್ಳೆಯ ವಿವೇಕ ಇದರಲ್ಲಿದೆ. ಆದರೆ ಅವರ ವರದಿಗಳನ್ನು ಓದಿ, ಚರ್ಚಿಸಿ, ಕಥೆಯೋ ನಾಟಕವೋ ಲೇಖನವೋ ಮಾಡಿದ ಕನ್ನಡ ಬರಹಗಾರರು ಎಲ್ಲಿದ್ದಾರೆ? ನಮ್ಮ ಕಥೆಗಳಲ್ಲಿ ರೈಲು ಬರುವುದು ವಿದಾಯ ಹೇಳಲು, ಕಿಟಕಿಯಿಂದ ಕೈಬೀಸಲು. ಬೆಳಗಿನ ಜಾವ ಸುತ್ತಿಗೆ ಹಿಡಿದು ಕಿಲೋಮೀಟರುಗಟ್ಟಲೆ ಹಳಿಯ ಮೇಲೆ ನಡೆಯುವ ಕೀಮನ್, ಕಥೆಯಲ್ಲಿ ಕಿಟಕಿಯಾಚೆಯ ಒಂದು ಚಿತ್ರ ಮಾತ್ರ.

ಆಡಳಿತದ ಜೊತೆ ಪಾರಸಿ, ಉರ್ದುಗಳಿಂದ ಕನ್ನಡಕ್ಕೆ ಬಂದ ಎರಡು ಪದಗಳು ಈ ಚರ್ಚೆಗೆ ಬೇಕು. ಒಂದು ಜವಾಬ್ದಾರಿ. ಅದರ ಮೂಲ ಅರ್ಥ ಜವಾಬು ಕೊಡುವ ಸ್ಥಾನದಲ್ಲಿರುವುದು, ಕೇಳಿದಾಗ ಉತ್ತರಿಸುವುದು. ಇನ್ನೊಂದು ಅಮಾನತು. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಕಾಪಾಡಿ ಮರಳಿಸಬೇಕಾದದ್ದು. ಟಿಕೆಟ್ ಕೊಂಡು ಮಗುವನ್ನು ಮಡಿಲಲ್ಲಿ ಮಲಗಿಸಿ ರಾತ್ರಿ ರೈಲಿನಲ್ಲಿ ಕಣ್ಣು ಮುಚ್ಚುವ ತಾಯಿ ಒಪ್ಪಿಸುವುದು ಅಂಥ ಅಮಾನತನ್ನೇ. ಕನ್ನಡಕ್ಕೆ ಬಂದ ಮೇಲೆ ಅದೇ ಪದಕ್ಕೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು ಎಂಬ ಅರ್ಥ ಗಟ್ಟಿಯಾಯಿತು. ಅಪಘಾತವಾದಾಗಲೆಲ್ಲ ನಾವು ಓದುವುದು ಈ ಎರಡನೆಯ ಅಮಾನತನ್ನು: ಇಂತಿಷ್ಟು ಮಂದಿ ಅಮಾನತು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಮೊದಲನೆಯ ಅಮಾನತು ಏನಾಯಿತು ಎಂದು ಯಾರೂ ಕೇಳುವುದಿಲ್ಲ.

ಇಯಾನ್ ಜಾಕ್ ಅವರ ಲೋಹದ ಕಣ್ಣು, ಹೇರ್ ಅವರ ಕಿವಿ, ನೀನಾ ಅವರ ಬಿಡದ ಪ್ರಶ್ನೆ, ವರದಿಯ ತಾಳ್ಮೆ: ನಾಲ್ಕೂ ಒಂದೇ ಪುಸ್ತಕದಲ್ಲಿ ಸೇರಿದ್ದರೆ ರೈಲು ಅಪಘಾತದ ಸಾಹಿತ್ಯ ಪೂರ್ಣವಾಗುತ್ತಿತ್ತು. ಅದು ಇಂಗ್ಲಿಷಿನಲ್ಲೂ ಆಗಿಲ್ಲ. ಕನ್ನಡದಲ್ಲಿ ಯಾರಾದರೂ ಬರೆಯುವುದಾದರೆ ಮೊದಲ ವಾಕ್ಯವನ್ನು ಎಚ್ಚರದಿಂದ ಬರೆಯಲಿ. ರೈಲು ಹಳಿ ತಪ್ಪಿತು ಎಂದು ಶುರು ಮಾಡುವ ಮೊದಲು, ಯಾವ ಹಳಿ, ಯಾರ ಹಳಿ, ಅದನ್ನು ಕೊನೆಯ ಸಲ ಬಗ್ಗಿ ನೋಡಿದವರು ಯಾರು, ಅವರು ಬರೆದಿಟ್ಟ ಚೀಟಿ ಯಾರ ಮೇಜಿನ ಮೇಲೆ ಉಳಿಯಿತು ಎಂದು ಕೇಳಲಿ.